ಅಂಬಲಿ ಹಚ್ಚಿ ಅಂಟಿಸಿದ ಸಮನ್ಸು

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಅದೂ ಪೂರ್ತಿಯಲ್ಲ. ಆದ್ದರಿಂದ ಇದರಲ್ಲಿ ಕಾನೂನಿನ ಕಲಮುಗಳನ್ನು ಹುಡುಕಬೇಡಿ. ಅದಕ್ಕೆ ದಪ್ಪ ಪುಸ್ತಕಗಳಿವೆ, ವಕೀಲರ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿರುತ್ತವೆ. ಕೋರ್ಟಿನ ಸಮನ್ಸು, ನೋಟೀಸುಗಳನ್ನು ಮನೆಮನೆಗೆ ಒಯ್ದು ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆ ದುಡಿದೆ. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಈಗಲೂ ಮನೆಗೆ ಬಂದು, “ಯವ್ವಾ, ಬಾಗಲಾನ ತೆಗೀವಲ್ರು, ಏನ್ ಮಾಡೂಣು?” ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ನನಗೆ ಬಾಯಿ ನೋವಾಗಿದೆ. ಬರೆದಿಟ್ಟರೆ ಓದಿಕೊಳ್ಳುತ್ತಾರೆ, ನನ್ನ ಚಹಾಪುಡಿಯೂ ಉಳಿಯುತ್ತದೆ.

ನನ್ನ ಹೆಸರು ಹುಲಿಗೆವ್ವ. ಗಂಡ ಕೋರ್ಟಿನಲ್ಲಿ ಸಿಪಾಯಿ ಇದ್ದ. ನಡುವಯಸ್ಸಿನಲ್ಲೇ ತೀರಿಕೊಂಡ, ಅವನ ನೌಕರಿ ನನಗೆ ಬಂತು. ಅದನ್ನು ಹಿಗ್ಗಿಸಿ ಬರೆಯುವುದಿಲ್ಲ. ಅಳುವುದನ್ನು ಆಗಲೇ ಅತ್ತು ಮುಗಿಸಿದ್ದೇನೆ. ಮೊದಲು ಕೊಟ್ಟ ಕೆಲಸ ಕಸ ಗುಡಿಸುವುದು, ನೀರು ತುಂಬುವುದು, ದಾವೆಗಳ ಕಟ್ಟು ಹೊರುವುದು. ಒಂದು ದಿನ ಬಾಗಿಲಲ್ಲಿ ನಿಂತು ಹೆಸರು ಕೂಗುವವನಿಗೆ ಗಂಟಲು ಕಟ್ಟಿತು. ನನ್ನನ್ನು ನಿಲ್ಲಿಸಿದರು. ಆಗ ಈಗಿನ ಹಾಗೆ ಗೋಡೆಯ ಮೇಲೆ ಕೆಂಪು ಅಂಕಿ ಓಡುತ್ತಿರಲಿಲ್ಲ. ಒಬ್ಬೊಬ್ಬರ ಹೆಸರನ್ನೂ ಮೂರು ಸಲ ಕೂಗಬೇಕು. ಬರದಿದ್ದರೆ ಗೈರುಹಾಜರಿ. ನಾನು ಎಮ್ಮೆಗಳನ್ನು ಕೂಗಿ ಕರೆದು ಬೆಳೆದವಳು. ಕೂಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತಿದ್ದ ಪ್ರತಿವಾದಿ ಎಣ್ಣೆಗೈಯಲ್ಲೇ ಓಡಿ ಬಂದ. ಜಡ್ಜ್ ಸಾಹೇಬರು ಕಿವಿ ಮುಚ್ಚಿಕೊಂಡು, “ಸ್ವಲ್ಪ ಮೆಲ್ಲಗಮ್ಮಾ, ಪಕ್ಕದ ತಾಲೂಕಿನವರೂ ಬಂದುಬಿಡ್ತಾರೆ” ಎಂದರು. ಆಮೇಲೆ ಗೈರುಹಾಜರಿ ಕಡಿಮೆಯಾಯಿತು.

ಆ ಕಾಲದಲ್ಲಿ ಸಾಕ್ಷಿ ಹೇಳುವುದೆಂದರೆ ಕಟಕಟೆಯಲ್ಲಿ ನಿಂತು ಬಾಯಿಂದಲೇ ಹೇಳಬೇಕು. ಸಾಹೇಬರು ತಮ್ಮ ಕೈಯಿಂದಲೇ ಬರೆದುಕೊಳ್ಳುತ್ತಿದ್ದರು. ಅವರ ಪೆನ್ನು ನಿಂತರೆ ಸಾಕ್ಷಿಯ ಬಾಯಿಯೂ ನಿಲ್ಲಬೇಕು. ನಮ್ಮ ಹಳ್ಳಿಯವರ ಬಾಯಿ ಎಲ್ಲಿ ನಿಲ್ಲುತ್ತದೆ? ಬದುವಿನ ತಕರಾರಿನ ಸಾಕ್ಷಿಗೆ ಬಂದವನು ತನ್ನ ಬೀಗರ ಮದುವೆಯಲ್ಲಿ ಹೋಳಿಗೆ ಸುಟ್ಟು ಹೋದದ್ದರಿಂದ ಶುರು ಮಾಡುತ್ತಿದ್ದ. ಸಾಹೇಬರು ಪೆನ್ನು ಕೆಳಗಿಟ್ಟು ಕೇಳುತ್ತ ಕೂರುತ್ತಿದ್ದರು. ಆಮೇಲೆ ಟೈಪ್ ಮಷೀನು ಬಂತು. ಅದಾದ ಮೇಲೆ ಸಾಕ್ಷಿಯನ್ನು ವಕೀಲರೇ ಕಾಗದದಲ್ಲಿ ಬರೆಸಿ ತಂದು ಕೊಡುವ ಪದ್ಧತಿ ಬಂತು, ಕಟಕಟೆಯಲ್ಲಿ ಎದುರು ವಕೀಲರ ಪ್ರಶ್ನೆಗಳು ಮಾತ್ರ. ವೇಳೆ ಉಳಿಯಿತು, ನಿಜ. ಹೋಳಿಗೆಯ ಮಾತು ಮಾತ್ರ ಕೋರ್ಟಿನಿಂದ ಹೋಗೇಬಿಟ್ಟಿತು.

ಸಮನ್ಸಿನ ಕೆಲಸ ಕಲಿಸಿದವರು ಖಾಜಾಸಾಬ್ ಚಾಚಾ. ಅವರ ತಂದೆ ನಿಜಾಮನ ಕಾಲದಲ್ಲಿ ಇದೇ ಕೆಲಸದಲ್ಲಿದ್ದರಂತೆ. ಆಗ ಕಾಗದವೆಲ್ಲ ಉರ್ದು. ಹಳ್ಳಿಯ ಗೌಡ ಅದನ್ನು ಹಿಡಿದುಕೊಂಡು ಓದಿಸಲು ಮಸೀದಿಗೆ ಹೋಗಬೇಕಿತ್ತು. ಅಲ್ಲಿ ಮುಲ್ಲಾ ಊಟಕ್ಕೆ ಕೂತಿದ್ದರೆ ಊಟ ಮುಗಿಯುವ ತನಕ ತನ್ನ ಮೇಲೆ ಏನು ದಾವೆ ಬಿದ್ದಿದೆ ಎಂಬುದು ಗೌಡನಿಗೆ ತಿಳಿಯುತ್ತಿರಲಿಲ್ಲ. ಸಮನ್ಸು ಮುಟ್ಟಿಸಿದ್ದಕ್ಕೆ ನಾವು ಈಗಲೂ ‘ತಾಮೀಲು’ ಎನ್ನುತ್ತೇವಲ್ಲ, ಆ ಮಾತು ಆಗಿನದೇ.

ಚಾಚಾರಿಗೆ ಒಂದು ಚಾಳಿ ಇತ್ತು. ಯಾವ ಮನೆಯ ಮುಂದೆ ನಿಂತರೂ, “ಮನ್ಯಾಗ ಗಂಡಸರು ಯಾರದಾರ?” ಎಂದೇ ಕೂಗುತ್ತಿದ್ದರು. ಮೊದಲು ಕಾನೂನು ಹಾಗೇ ಇತ್ತಂತೆ. ಪ್ರತಿವಾದಿ ಸಿಗದಿದ್ದರೆ ಮನೆಯ ದೊಡ್ಡ ಗಂಡಸಿನ ಕೈಗೇ ಸಮನ್ಸು ಕೊಡಬೇಕು, ಹೆಂಗಸಿನ ಕೈಗೆ ಕೊಟ್ಟರೆ ಕೊಟ್ಟಂತಲ್ಲ. ನಾನು ಸೇರುವ ಹೊತ್ತಿಗೆ ಅದು ಬದಲಾಗಿತ್ತು. ವಯಸ್ಸಿಗೆ ಬಂದ ಹೆಣ್ಣುಮಕ್ಕಳಿಗೂ ಕೊಡಬಹುದಿತ್ತು.

“ಚಾಚಾ, ಕಾನೂನು ಬದಲಾಗೇತಲ್ರಿ?” ಎಂದೆ.

“ಕಾನೂನು ಬದಲಾಗೇತಿ ಬೇಟಿ, ನನ್ನ ಬಾಯಿ ಬದಲಾಗಿಲ್ಲ” ಎಂದರು.

ಇನ್ನು ಸಂಗವ್ವನ ದಾವೆಗೆ ಬರುತ್ತೇನೆ. ನಾನು ಕಲಿತದ್ದೆಲ್ಲ ಈ ಒಂದು ದಾವೆಯಲ್ಲಿದೆ. ಅದು ಯಾವ ಕೋರ್ಟು, ಯಾವ ಊರು ಎಂದು ಬರೆಯುವುದಿಲ್ಲ. ಮೊಮ್ಮಕ್ಕಳು ಅಲ್ಲೇ ಇದ್ದಾರೆ. ಇಟಗಿ ಗುಡಿಗೆ ಹೋಗುವವರ ದಾರಿಯಲ್ಲಿ ಬರುವ ಒಂದು ಹಳ್ಳಿ ಎಂದುಕೊಳ್ಳಿ.

ಸಂಗವ್ವನ ಹೊಲ ವಿರುಪಣ್ಣನೆಂಬವನ ಹೊಲದ ಹಿಂದೆ ಇತ್ತು. ಅವಳ ಬಂಡಿ ಹೋಗಬೇಕೆಂದರೆ ಇವನ ಬದುವಿನ ಮೇಲೆಯೇ ಹೋಗಬೇಕು. ಅಜ್ಜನ ಕಾಲದಿಂದ ಹಾಗೇ ನಡೆದಿತ್ತು. ಆ ವರ್ಷ ಸಂಗವ್ವನ ಎತ್ತು ಹೋಗುತ್ತ ಹೋಗುತ್ತ ವಿರುಪಣ್ಣನ ಸಜ್ಜೆಗೆ ಬಾಯಿ ಹಾಕಿತಂತೆ. ಅವನು ಜಾಲಿಮುಳ್ಳು ಕಡಿದು ದಾರಿಗೆ ಅಡ್ಡ ಬಡಿದ. ಸಂಗವ್ವ ಶೇಂಗಾ ಕಿತ್ತು ಹೊಲದಲ್ಲೇ ಗುಡ್ಡೆ ಹಾಕಿದ್ದಳು. ಮಳೆ ಬಿದ್ದರೆ ಕಾಯಿಯೊಳಗೇ ಮೊಳಕೆ ಬರುತ್ತದೆ. ತಲೆಯ ಮೇಲೆ ಹೊತ್ತು ತರೋಣವೆಂದರೆ ಅದು ಒಂದೆರಡು ಬುಟ್ಟಿಯ ಮಾಲಲ್ಲ. ಬಂಡಿಯೇ ಬೇಕು, ಬಂಡಿಗೆ ದಾರಿ ಬೇಕು. ಅವಳು ಕೋರ್ಟಿಗೆ ಬಂದದ್ದು ಅದಕ್ಕೆ.

ಸಾಹೇಬರು ಮೈಸೂರು ಕಡೆಯವರು. ಒಬ್ಬರ ಮಾತು ಕೇಳಿ ಆದೇಶ ಬರೆಯುವವರಲ್ಲ. “ಎದುರುಪಕ್ಷದವರಿಗೆ ತಾಮೀಲಾಗಲಿ. ಅವರು ಬರಲಿ, ಇಬ್ಬರನ್ನೂ ಕೇಳಿ ದಾರಿಯ ವಿಷಯ ನೋಡೋಣ” ಎಂದರು. ಅಷ್ಟೇ ಸಾಕಾಯಿತು ವಿರುಪಣ್ಣನಿಗೆ. ಸಮನ್ಸು ತಪ್ಪಿಸಿಕೊಂಡಷ್ಟು ದಿನ ದಾರಿ ಬಂದ್ ಇರುತ್ತದೆ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಖಾಜಾಸಾಬ್ ಚಾಚಾ ಹೋದಾಗಲೆಲ್ಲ ಅವನ ಹೆಂಡತಿ ಶಂಕ್ರವ್ವ ಬಾಗಿಲಿಗೆ ಅಡ್ಡ ನಿಂತು, “ಊರಿಗೆ ಹೋಗ್ಯಾರ” ಎನ್ನುತ್ತಿದ್ದಳು. ಯಾವ ಊರು ಎಂದರೆ, “ನನಗೇನು ಹೇಳಿ ಹೋಗ್ತಾರೇನ್ರಿ?”

ಸಂಗವ್ವ ಪ್ರತಿ ತಾರೀಖಿಗೂ ಬಸ್ಸಿಳಿದು ನೇರ ನನ್ನ ಹತ್ತಿರ ಬರುತ್ತಿದ್ದಳು. “ತಾಮೀಲಾತೇನ ಯವ್ವಾ?” ಎಂದು ಕೇಳಿ, ಇಲ್ಲ ಎಂದರೆ ಮುಗಿಲು ನೋಡುತ್ತಿದ್ದಳು.

ನಮ್ಮ ವಿಭಾಗದ ಮುಖ್ಯಸ್ಥರು ನಾಜರ್ ಸಾಹೇಬರು. ಕನ್ನಡಕಕ್ಕೆ ದಾರ ಕಟ್ಟಿಕೊಂಡ ಮನುಷ್ಯ, ಬೈಯುವುದರಲ್ಲಿ ಕೈಬಿಚ್ಚು. ಚಾಚಾ ಮತ್ತೆ ಖಾಲಿ ಕೈಯಲ್ಲಿ ಬಂದಾಗ ತಲೆ ಕೆರೆದುಕೊಂಡು, “ಈ ಹುಲಿಗೆವ್ವನ್ನ ಕಳಿಸಿ ನೋಡೂಣು. ನೀವು ಕಟ್ಟಿತನಾ ಹೋಗ್ತೀರಿ, ಈಕಿ ಅಡಿಗಿ ಮನಿತನಾ ಹೋಗ್ತಾಳ” ಎಂದರು.

“ಹೆಣ್ಣಮಗಳು ಒಬ್ಬಾಕಿ ಹೋಗೂದೇನ್ರಿ?” ಎಂದರು ಚಾಚಾ.

“ಆಕಿ ಕೂಗೂದು ಕೇಳೀರಿಲ್ಲೋ? ಕಾಳಜಿ ಮಾಡೂದಿದ್ರ ಆ ಊರಿನವರದು ಮಾಡ್ರಿ.”

ಹೋದೆ. ಹೊಸಬರಿಗೆ ಒಂದು ಮಾತು: ಮನೆಯ ಮುಂದೆ ನಿಂತು ಕೋರ್ಟು ಎನ್ನಬೇಡಿ. ನೀರು ಕೇಳಿ. ನೀರು ಕೇಳಿದವರನ್ನು ನಮ್ಮ ಕಡೆ ಹೊರಗೆ ನಿಲ್ಲಿಸುವುದಿಲ್ಲ. ಶಂಕ್ರವ್ವ ಒಳಗೆ ಕರೆದಳು. ಗಟ್ಟಿಮುಟ್ಟಾದ ಹೆಂಗಸು, ಕೈತುಂಬ ಹಸಿರು ಬಳೆ, ಬಾಯಿ ಒಂದು ಗಳಿಗೆ ಸುಮ್ಮನಿಲ್ಲ. ನೀರಿನ ಜೊತೆ ಬೆಲ್ಲ ಕೊಟ್ಟಳು. ಒಲೆಯ ಮುಂದೆ ಒಂದು ತಾಟು ಇತ್ತು. ಅರ್ಧ ತಿಂದ ಬಿಸಿ ರೊಟ್ಟಿ, ಕಡಿದಿಟ್ಟ ಉಳ್ಳಾಗಡ್ಡಿ, ಪುಂಡಿಪಲ್ಯೆ. ಹಿತ್ತಲ ಬಾಗಿಲು ಇನ್ನೂ ಅಲ್ಲಾಡುತ್ತಿತ್ತು.

“ಈ ತಾಟು ಯಾರದಕ್ಕಾ?”

“ಬೆಕ್ಕಿಂದು.”

“ನಿಮ್ಮ ಬೆಕ್ಕು ಉಳ್ಳಾಗಡ್ಡಿ ಕಡಕೊಂಡು ತಿಂತೈತೇನು?”

“ಭಾಳ ಶಾಣ್ಯಾ ಬೆಕ್ಕು ಅದು” ಎಂದಳು. ಕಣ್ಣು ಮಿಟುಕಿಸಲಿಲ್ಲ.

ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ ಬಂತು. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಚೀಲದಿಂದ ಸಮನ್ಸು ತೆಗೆದೆ. “ಹಂಗಾದ್ರ ಇದನ್ನ ನೀನ ಇಸ್ಕೋ, ಬೆಕ್ಕಿಗೆ ಕೊಡು.” ಅವಳು ಎರಡು ಕೈಯನ್ನೂ ಸೆರಗಿನೊಳಗೆ ಸೇರಿಸಿಬಿಟ್ಟಳು. ಕೋರ್ಟಿನ ಕಾಗದ ಮುಟ್ಟಿದರೆ ಹೊಲ ಹೋಗುತ್ತದೆ ಎಂದು ಆ ಊರಲ್ಲಿ ನಂಬಿಕೆ. “ಕಡದು ಹಾಕಿದ್ರೂ ಮುಟ್ಟಂಗಿಲ್ಲ ನಾ” ಎಂದಳು.

ಪ್ರತಿವಾದಿ ಸಿಗದೆ, ಮನೆಯವರೂ ತೆಗೆದುಕೊಳ್ಳದಿದ್ದರೆ ಸಮನ್ಸನ್ನು ತಲೆಬಾಗಿಲಿಗೆ ಅಂಟಿಸಿ, ನೋಡಿದವರ ಸಹಿ ಮಾಡಿಸಿಕೊಂಡು ಬರಬೇಕು. ಅದು ಆಗಲೂ ಹಾಗೇ, ಈಗಲೂ ಹಾಗೇ. ಹೊರಗೆ ಬಂದು ಚೀಲದಲ್ಲಿ ಕೈಯಾಡಿಸಿದೆ. ಗೋಂದಿನ ಬಾಟಲಿ ಇಲ್ಲ. ಆಫೀಸಿನ ಕಿಟಕಿಯಲ್ಲಿ ಕೂತಿದೆ. ಅಂಟಿಸದೆ ವಾಪಸಾದರೆ ಮತ್ತೆ ಒಂದು ತಾರೀಖು ಹೋಗುತ್ತದೆ. ಎದುರು ಮನೆಯಲ್ಲಿ ಒಬ್ಬ ಮುದುಕಿ ಜೋಳದ ಅಂಬಲಿ ಕುಡಿಯುತ್ತಿದ್ದಳು. ಮಜ್ಜಿಗೆ, ಉಪ್ಪು ಎಲ್ಲ ಹಾಕಿ ಗಟ್ಟಿಯಾಗಿ ಕಾಸಿದ್ದು. ಒಂದು ಬೊಗಸೆ ಕೇಳಿ ಇಸಿದುಕೊಂಡು ಬಾಗಿಲಿಗೆ ಬಳಿದು ಸಮನ್ಸು ಅಂಟಿಸಿದೆ. ಚೆನ್ನಾಗಿ ಹಿಡಿಯಿತು. ಇಬ್ಬರು ಪಂಚರ ಸಹಿಯಾಯಿತು. ಶಂಕ್ರವ್ವ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಗೂಟಕ್ಕೆ ಕಟ್ಟಿದ ಕರಿ ಆಡು, ಒಂದು ಕಿವಿ ಬಿಳಿ, ಅದೂ ನೋಡುತ್ತಿತ್ತು. ನಾನು ಬಸ್ಸು ಹಿಡಿದೆ.

ವರದಿ ಬರೆದುಕೊಟ್ಟೆ. ನಾಜರ್ ಸಾಹೇಬರು ಓದಿ ಕನ್ನಡಕ ಕಳಚಿದರು. “‘ಒಲೆಯ ಮುಂದೆ ಬಿಸಿ ರೊಟ್ಟಿ, ಪುಂಡಿಪಲ್ಯೆ ಇತ್ತು’ ಅಂತ ಯಾಕ ಬರದಿ?”

“ಇತ್ತಲ್ರಿ.”

“ಸಾಹೇಬ್ರು ಇದನ್ನ ಓದಿ ಊಟಕ್ಕ ಎದ್ದು ಹೋದ್ರ ಕೋರ್ಟು ನೀ ನಡಸ್ತೀಯೇನು?”

ತಾರೀಖಿನ ದಿನ ವಿರುಪಣ್ಣನ ಹೆಸರನ್ನು ನಾನೇ ಮೂರು ಸಲ ಕೂಗಿದೆ. ಬರಲಿಲ್ಲ. ಸಂಗವ್ವ ಮಾತ್ರ ಅಳುಮೋರೆ ಮಾಡಿಕೊಂಡು ಬಂದಿದ್ದಳು. “ಯವ್ವಾ, ಬಾಗಲದಾಗ ಕಾಗದಾನ ಇಲ್ಲಂತ! ಅವತ್ತ ಸಂಜಿಗೇ ಇರಲಿಲ್ಲಂತ. ಊರ ಮಂದಿಯೆಲ್ಲ ಅಂತಾರ, ನೀ ಹಚ್ಚೇ ಇಲ್ಲಂತ!”

ನನಗೆ ಮೈ ಉರಿಯಿತು. ಅಂಟಿಸಿ ಬಂದ ಕಾಗದ ಎಲ್ಲಿ ಹೋಗುತ್ತದೆ? ಸಾಹೇಬರು ನನ್ನನ್ನು ಕಟಕಟೆಗೆ ಕರೆದು ಪ್ರಮಾಣ ಮಾಡಿಸಿದರು. ಸಮನ್ಸು ಅಂಟಿಸಿ ಬಂದಾಗ ಒಯ್ದವರ ಬಾಯಿಂದಲೇ ಕೇಳಿಕೊಂಡು ತಾಮೀಲು ಸರಿಯೋ ಇಲ್ಲವೋ ತೀರ್ಮಾನಿಸುವುದು ಕ್ರಮ. ಅಂಟಿಸಿದೆ ಎಂದೆ. “ಯಾವುದರಿಂದ?” ಎಂದರು. ಅಂಬಲಿಯಿಂದ ಎಂದೆ. ವಕೀಲರ ಬೆಂಚು ನಕ್ಕಿತು. ಸಾಹೇಬರು ನಗಲಿಲ್ಲ. “ಅಂಬಲಿ ಒಣಗಿ ಕಾಗದ ಬಿದ್ದೇ ಹೋಗಿರಬಹುದಲ್ಲಮ್ಮಾ. ಅವರಿಗೆ ತಿಳಿದಿದೆಯೋ ಇಲ್ಲವೋ ಹೇಗೆ ನಂಬೋದು? ಪಂಚರೂ ಬಂದಿಲ್ಲ. ಇನ್ನೊಂದು ಸಮನ್ಸು ಕಳಿಸೋಣ, ಮುಂದಿನ ತಾರೀಖು...” ಎಂದು ಪೆನ್ನು ತೆಗೆದರು. ಸಂಗವ್ವ ಕಿಟಕಿಯ ಕಡೆ ತಿರುಗಿದಳು. ಕುಷ್ಟಗಿ ದಿಕ್ಕಿನಲ್ಲಿ ಮೋಡ ಕಟ್ಟಿತ್ತು.

ಅಷ್ಟರಲ್ಲಿ ಕೋರ್ಟಿನ ಅಂಗಳದಲ್ಲಿ ಗದ್ದಲವೆದ್ದಿತು. ಹೆಂಗಸಿನ ದನಿ, ಅದರ ಬೆನ್ನಿಗೇ ಆಡಿನ ದನಿ.

“ಎಲ್ಲಿ ಅದಾಳ ಆಕಿ? ಅಂಬಲಿ ಹಚ್ಚಿದಾಕಿ ಎಲ್ಲಿ ಅದಾಳ?”

ಶಂಕ್ರವ್ವ. ಆಡನ್ನು ಹಗ್ಗದಲ್ಲಿ ಎಳೆದುಕೊಂಡು ಬಾಗಿಲ ತನಕ ಬಂದೇಬಿಟ್ಟಿದ್ದಳು. ಚಾಚಾ ಅಡ್ಡ ಕೈ ಹಿಡಿದರೆ ಕೈಯನ್ನೇ ಸರಿಸಿ, “ಸರಕಾರಿ ಕಾಗದ ಹಚ್ಚಾಕ ಬರ್ತೀರಿ, ನೆಟ್ಟಗ ಹಚ್ಚಾಕ ಬರಂಗಿಲ್ಲ! ಉಪ್ಪು ಮಜ್ಜಿಗಿ ನೆಕ್ಕಿ ನೆಕ್ಕಿ ಕಾಗದಾನೂ ತಿಂದೈತಿ ನನ್ನ ಆಡು! ಹೊಟ್ಟಿ ಉಬ್ಬಿ ಹಾಲು ಬತ್ತೇತಿ! ಇದಕ್ಕ ಯಾರು ಜವಾಬ್ದಾರಿ? ಜಡ್ಜ್ ಸಾಹೇಬ್ರೋ, ಈಕಿಯೋ?” ಎಂದಳು.

ಸಾಹೇಬರು ಪೆನ್ನನ್ನು ಮೆಲ್ಲಗೆ ಕೆಳಗಿಟ್ಟರು.

“ಆಡು ಹೊರಗಿರಲಿ. ಆ ಅಮ್ಮನ್ನ ಒಳಗೆ ಕರೀರಿ” ಎಂದರು.

ಆಡಿನ ಹಗ್ಗ ಚಾಚಾರ ಕೈಗೆ ಬಂತು. ನಾನು ಕಟಕಟೆಯಿಂದ ಇಳಿದೆ, ಶಂಕ್ರವ್ವ ಹತ್ತಿದಳು. ಪ್ರಮಾಣ ಮಾಡಿಸುವುದೂ ನನ್ನ ಕೆಲಸವೇ. ಮಾಡಿಸಿದೆ. ನನ್ನನ್ನು ನುಂಗುವಂತೆ ನೋಡುತ್ತಲೇ ಹೇಳಿದಳು.

“ನಿಮ್ಮ ಗಂಡನ ಹೆಸರೇನಮ್ಮಾ?” ಸಾಹೇಬರು ಕೇಳಿದರು.

ಇಷ್ಟು ಹೊತ್ತು ಕಿರುಚಿದ ಹೆಂಗಸು ಸೆರಗು ಬಾಯಿಗಿಟ್ಟುಕೊಂಡಳು. ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. “ಹಂಪಿ ಸ್ವಾಮಿ ಹೆಸರು ಐತ್ರಿ” ಎಂದಳು. ಸಾಹೇಬರಿಗೆ ತಿಳಿಯಲಿಲ್ಲ. ಕೆಳಗೆ ಕೂತಿದ್ದ ಗುಮಾಸ್ತರು, “ವಿರುಪಣ್ಣ ಅಂತ್ರಿ, ಇದೇ ದಾವೆಯ ಪ್ರತಿವಾದಿ” ಎಂದರು.

“ನಿಮ್ಮ ಬಾಗಿಲಿಗೆ ಕಾಗದ ಅಂಟಿಸಿದ್ದು ನಿಜವಾ?”

“ನಿಜ ಅಲ್ಲದ ಏನ್ರಿ! ನನ್ನ ಕಣ್ಣ ಮುಂದ ಹಚ್ಯಾಳ. ಅಂಗೈಯಷ್ಟು ಅಂಬಲಿ ಬಳದಾಳ. ಹೊಸಾ ಬಣ್ಣ ಹಚ್ಚಿದ ಬಾಗಲಾ ಅದು!”

“ಯಾವ ಕಾಗದ ಅಂತ ನಿಮಗೆ ಗೊತ್ತಿತ್ತಾ?”

“ಸಂಗವ್ವನ ದಾರೀದು. ಊರಿಗೆಲ್ಲ ಗೊತ್ತೈತಿ.”

“ನಿಮ್ಮ ಯಜಮಾನರು ಆಗ ಊರಲ್ಲಿ ಇರಲಿಲ್ಲ ಅಲ್ವಾ?”

“ಯಾಕಿಲ್ರಿ? ಹಿತ್ತಲ ಗ್ವಾಡಿ ಮ್ಯಾಲ ಕುಂತು ನೋಡಾಕತ್ತಿದ್ರು! ಆಡು ತಿನ್ನೂದೂ ನೋಡ್ಯಾರ. ‘ತಿಂದ್ರ ತಿನ್ಲಿ ಬಿಡು, ಛಲೋನ ಆತು’ ಅಂದ್ರು. ಈಗ ನೋಡ್ರಿ, ಹಾಲಿಲ್ಲ, ಚಹಾ ಇಲ್ಲ.”

ಮೊದಲು ನಕ್ಕದ್ದು ಸಾಹೇಬರು. ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರೂ ಹೆಗಲು ಕುಣಿಯುತ್ತಿತ್ತು. ಆಮೇಲೆ ಬೆಂಚುಗಳೆಲ್ಲ ನಕ್ಕವು. ಶಂಕ್ರವ್ವ ಸುತ್ತ ನೋಡಿದಳು. ತಾನು ಏನು ಹೇಳಿದೆ ಎಂಬುದು ಅವಳಿಗೆ ಆಗ ಹೊಳೆಯಿತು. “ಅಯ್ಯ ನನ್ನ ಬಾಯಿಗೆ ಬೆಂಕಿ ಹಚ್ಚ” ಎಂದು ಹಣೆ ಬಡಿದುಕೊಂಡು ಅವಳೂ ನಕ್ಕುಬಿಟ್ಟಳು.

ತಾಮೀಲು ಸರಿಯಾಗಿದೆ ಎಂದು ಸಾಹೇಬರು ಬರೆಸಿದರು. ದಾವೆ ತೀರುವ ತನಕ ಸಂಗವ್ವನ ಬಂಡಿಗೆ ದಾರಿ ಬಿಡಬೇಕು ಎಂದು ತಾತ್ಕಾಲಿಕ ಆದೇಶವನ್ನೂ ಅಂದೇ ಮಾಡಿದರು. ಆಡಿನ ತಕರಾರಿಗೆ ಮಾತ್ರ, “ಅದು ಈ ದಾವೆಯಲ್ಲಿ ಬರೋದಿಲ್ಲಮ್ಮಾ” ಎಂದರು. ಶಂಕ್ರವ್ವ, “ಬರಲಾರದೇನು, ಬರತೈತಿ” ಎಂದು ಗೊಣಗುತ್ತಲೇ ಇಳಿದಳು.

ಆದೇಶದ ಪ್ರತಿ ನನ್ನ ಕೈಗೇ ಕೊಟ್ಟರು. ವಾದಿ, ಪ್ರತಿವಾದಿಯ ಹೆಂಡತಿ, ನಾನು, ಆಡು, ನಾಲ್ವರೂ ಒಂದೇ ಟೆಂಪೋದಲ್ಲಿ ಹೋದೆವು. ಸಂಗವ್ವ, ಶಂಕ್ರವ್ವ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಡು ಮಾತ್ರ ದಾರಿಯುದ್ದಕ್ಕೂ ನನ್ನ ಚೀಲಕ್ಕೆ ಮೂಗು ತೂರಿಸುತ್ತಿತ್ತು. ವಿರುಪಣ್ಣ ಈ ಸಲ ಓಡಲಿಲ್ಲ. ಹೆಂಡತಿ ನಡೆದದ್ದನ್ನು ಹೇಳಿದಳು. ಅವನು ಆಡನ್ನು ನೋಡಿದ, ಹೆಂಡತಿಯನ್ನು ನೋಡಿದ, “ನಿಮ್ಮಿಬ್ಬರೊಳಗ ಯಾರನ್ನ ಮೊದಲು ಮಾರ್ಲಿ?” ಎಂದ. ಆಮೇಲೆ ಕೊಡಲಿ ತೆಗೆದುಕೊಂಡು ಹೋಗಿ ಮುಳ್ಳು ಸರಿಸಿದ. ಸಂಗವ್ವನ ಬಂಡಿಗಳು ಶೇಂಗಾ ತುಂಬಿಕೊಂಡು ಬದುವಿನ ಮೇಲೆ ಸಾಲಾಗಿ ಬಂದವು. ಕೊನೆಯ ಬಂಡಿ ಊರು ಸೇರುವಾಗ ಮಳೆ ಹನಿಯಿತು. ಸಂಗವ್ವ ಮಳೆಯಲ್ಲಿ ನಿಂತುಕೊಂಡೇ ಶೇಂಗಾ ಸುಲಿದು ನನ್ನ ಉಡಿಗೆ ಹಾಕಿದಳು.

ಮರುದಿನ ನಾಜರ್ ಸಾಹೇಬರು ನನ್ನ ಚೀಲಕ್ಕೆ ಗೋಂದಿನ ಬಾಟಲಿಯನ್ನು ದಾರದಿಂದ ಕಟ್ಟಿಸಿದರು, ತಮ್ಮ ಕನ್ನಡಕಕ್ಕೆ ಕಟ್ಟಿದ ಹಾಗೆಯೇ. ಅಂದಿನಿಂದ ನಾನು ಕಾಯಂ ಆಗಿ ಸಮನ್ಸಿನ ಕೆಲಸಕ್ಕೆ.

ಆದರೆ ಅದು ತಾತ್ಕಾಲಿಕ ಆದೇಶ. ದಾವೆ ತೀರಿರಲಿಲ್ಲ. ಸೋತರೆ ದಾರಿ ಮತ್ತೆ ಮುಚ್ಚುತ್ತದೆ ಎಂಬುದು ಸಂಗವ್ವನಿಗೆ ಗೊತ್ತಿತ್ತು. ಸುಗ್ಗಿ ಬಂದಾಗಲೆಲ್ಲ ಅವಳಿಗೆ ಅದೇ ಚಿಂತೆ. ಅಳತೆಗೆ ಕೋರ್ಟು ನೇಮಿಸಿದ ಕಮಿಷನರ್ ಹೋದರು, ನಕ್ಷೆ ಬಂತು, ನಕ್ಷೆಗೆ ತಕರಾರು ಬಂತು. ಒಮ್ಮೆ ತೀರ್ಪಾಯಿತು, ಅದರ ಮೇಲೆ ಅಪೀಲಾಯಿತು, ಅಲ್ಲಿಂದ ಮತ್ತೆ ವಿಚಾರಣೆಗೆ ವಾಪಸಾಯಿತು. ಸಂಗವ್ವ ಒಂದು ಸಲ, “ಇಟಗಿ ಮಹಾದೇವನ ಗುಡಿ ಕಟ್ಟಾಕೂ ಇಷ್ಟು ಹೊತ್ತು ಹಿಡದಿರಲಿಕ್ಕಿಲ್ಲ ನೋಡಕ್ಕಾ” ಎಂದಳು.

ಈ ನಡುವೆ ನನಗೆ ವರ್ಗಾವಣೆಗಳಾದವು. ಗಂಗಾವತಿಯಲ್ಲಿದ್ದಾಗಿನ ಒಂದು ಸಂಗತಿ ಹೇಳದಿದ್ದರೆ ಈ ಬರಹ ಸಪ್ಪೆಯಾಗುತ್ತದೆ. ವಿರೂಪಾಪುರಗಡ್ಡೆಯ ಕಡೆ ಹೊಳೆಯಾಚೆ ಒಬ್ಬನಿಗೆ ಸಮನ್ಸು ಇತ್ತು. ದಂಡೆಯಲ್ಲಿ ಹರಿಗೋಲಿನವನನ್ನು ಕೇಳಿದೆ. “ಆ ದಂಡಿಗೆ ಐತಕ್ಕಾ ಅವನ ಮನಿ” ಎಂದು ಬಹಳ ಮರ್ಯಾದೆಯಿಂದ ದಾಟಿಸಿದ. ಅಲ್ಲಿ ಹೋದರೆ ಮನೆಯಲ್ಲಿ ಹೆಂಡತಿ ಒಬ್ಬಳೇ. “ಅವರು ಹರಿಗೋಲು ಹಾಕಾಕ ಹೋಗ್ಯಾರ್ರಿ” ಎಂದಳು. ನಾನು ತಿರುಗಿ ಬಂದು ಅದೇ ಹರಿಗೋಲಿನಲ್ಲಿ ಕೂತೆ. ನಡುಹೊಳೆಗೆ ಬಂದ ಮೇಲೆ ಕಾಗದ ತೆಗೆದೆ.

“ಈಗ ಎಲ್ಲಿ ಓಡ್ತಿ ಓಡು.”

ಅವನು ಹುಟ್ಟು ನಿಲ್ಲಿಸಿ ನಕ್ಕ. “ನಾ ಓಡಿದ್ರ ನೀ ಮುಳುಗ್ತಿ ಅಕ್ಕಾ. ಕೊಡು, ಎಲ್ಲಿ ಸಹಿ ಮಾಡ್ಬೇಕು?” ನೀರು ತಾಗಿ ಅವನ ಸಹಿ ಸ್ವಲ್ಪ ಹರಡಿಕೊಂಡಿತ್ತು. ಅಲ್ಲಿನ ನಾಜರರು ಕೇಳಿದ್ದಕ್ಕೆ, “ಹೊಳಿಯೊಳಗ ತಾಮೀಲಾಗೇತ್ರಿ” ಎಂದೆ.

ಆಮೇಲೆ ಎಲ್ಲ ಬೇಗ ಬೇಗ ಬದಲಾಯಿತು. ಸಮನ್ಸು ಅಂಚೆಯಲ್ಲಿ ಹೋಗತೊಡಗಿತು. ಮನೆ ಹರಾಜಿಗೆ ಬಂದಾಗ ಊರೊಳಗೆ ಹಲಗೆ ಬಾರಿಸಿಕೊಂಡು ಹೋಗುವುದು ಕಡಿಮೆಯಾಯಿತು. ಪ್ರತಿವಾದಿ ಇಷ್ಟು ದಿನದೊಳಗೆ ಜವಾಬು ಕೊಡಲೇಬೇಕು ಎಂದು ಬಿಗಿ ಬಂತು. ದಾವೆಯ ಕಟ್ಟುಗಳಿಗೆ ಕಂಪ್ಯೂಟರಿನಲ್ಲಿ ನಂಬರು ಬಂತು. ಈಗಂತೂ ಅಂಟಿಸಿದ ಕಾಗದದ ಫೋಟೊ ಹೊಡೆದು ಬರುತ್ತಾರಂತೆ, ಫೋನಿಗೇ ಸಮನ್ಸು ಕಳಿಸುವುದೂ ಉಂಟಂತೆ. ಒಳ್ಳೆಯದೇ. ಹಳೆಯದೇ ಚೆಂದ ಎಂದು ನಾನು ಹೇಳುವುದಿಲ್ಲ. ಬಿಸಿಲಲ್ಲಿ ನಡೆದ ಕಾಲು ನನ್ನದು, ನನಗೆ ಗೊತ್ತು. ಆದರೆ ಫೋನು ನೀರು ಕೇಳಿ ಒಳಗೆ ಹೋಗುವುದಿಲ್ಲ, ತಾಟಿನಲ್ಲಿರುವ ಬಿಸಿ ರೊಟ್ಟಿಯನ್ನೂ ನೋಡುವುದಿಲ್ಲ. ಅದಕ್ಕೆ ನೀವು ಬೇಕು.

ನಿವೃತ್ತಿ ಹತ್ತಿರ ಬಂದಾಗ ನಾನು ಮೊದಲಿನ ಕೋರ್ಟಿಗೇ ತಿರುಗಿ ಬಂದೆ. ಚಾಚಾ ಆಗಲೇ ಪಿಂಚಣಿಗೆ ಹೋಗಿದ್ದರು. ಸಂಗವ್ವನ ದಾವೆ ಇನ್ನೂ ಇತ್ತು. ವಿರುಪಣ್ಣ ಮಾತ್ರ ಇರಲಿಲ್ಲ. ತೀರಿಕೊಂಡಿದ್ದ. ಒಬ್ಬರು ಸತ್ತರೆ ದಾವೆ ಸಾಯುವುದಿಲ್ಲ, ಗಡುವಿನೊಳಗೆ ವಾರಸುದಾರರನ್ನು ಸೇರಿಸಿ ಅವರಿಗೆ ನೋಟೀಸು ಕೊಡಬೇಕು. ನೋಟೀಸಿನ ಮೇಲೆ ಮೊದಲ ಹೆಸರು ಶಂಕ್ರವ್ವನದು. ನಾನೇ ಒಯ್ದೆ.

ಶಂಕ್ರವ್ವನ ಕೂದಲೂ ಬೆಳ್ಳಗಾಗಿತ್ತು. ಬಾಯಿ ಮಾತ್ರ ಹಾಗೇ ಇತ್ತು. ಕಟ್ಟೆಯ ಮೇಲೆ ಕೂತಿದ್ದವಳು ನನ್ನ ಚೀಲ ನೋಡಿದ ತಕ್ಷಣ ಎದ್ದಳು.

“ಅಂಬಲಿ ತಂದಿಯೇನು?”

“ಗೋಂದು ತಂದೀನಿ. ನೀ ಇಸ್ಕೊಳ್ಳಲಿಲ್ಲಂದ್ರ ಹಚ್ಚಿ ಹೋಗ್ತೀನಿ.”

“ಹಚ್ಚಬ್ಯಾಡ ಮಾರಾಯ್ತಿ. ತಾ ಇಲ್ಲೆ.” ಕೈ ಮುಂದೆ ಚಾಚಿದಳು. ನನಗೆ ನಂಬಿಕೆಯಾಗಲಿಲ್ಲ. “ಮುಟ್ಟಿದ್ರ ಹೊಲಾ ಹೋಗತೈತಿ ಅಂತಿದ್ದೆಲ್ಲ?”

“ಮುಟ್ಟಲಿಲ್ಲ, ಏನು ಉಳೀತು? ಅವರು ಗ್ವಾಡಿ ಜಿಗಿದು ಜಿಗಿದು ಮಣಕಾಲು ಕೆಡಿಸಿಕೊಂಡ್ರು. ಬದುವಂತೂ ಇದ್ದಲ್ಲೇ ಐತಿ, ಸಂಗವ್ವನ ಬಂಡಿ ದಿನಾ ಹೋಗತೈತಿ. ಇದನ್ನ ಮುಗಸೂಣು. ಆದ್ರ ನಂದೊಂದು ಬಾಕಿ ಐತಿ.” ಏನೆಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಲೋಕ ಅದಾಲತ್ತಿನ ದಿನ ಮೇಜಿನ ಸುತ್ತ ಎಲ್ಲರೂ ಕುರ್ಚಿಯಲ್ಲಿ ಕೂತಿದ್ದರು. ಜಡ್ಜ್ ಮೇಡಂ ಕೂಡ ನಮ್ಮ ಎತ್ತರದಲ್ಲೇ. ಚಿಕ್ಕ ವಯಸ್ಸಿನ ಹುಡುಗಿ. ಒಂದು ಬಂಡಿಯಗಲದ ದಾರಿ ಕಾಯಂ, ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿಯೇ ಹೊಡೆದುಕೊಂಡು ಹೋಗಬೇಕು, ಮುಳ್ಳು ಹಾಕಬಾರದು. ಇಷ್ಟಕ್ಕೆ ಎರಡೂ ಕಡೆಯವರು ಒಪ್ಪಿದರು. ಶಂಕ್ರವ್ವನ ಗಂಡುಮಕ್ಕಳು ತಾಯಿಯ ಮುಖ ನೋಡಿ ತಲೆಯಾಡಿಸಿದರು. ಸಹಿ ಮಾಡುವ ಹೊತ್ತಿಗೆ ಶಂಕ್ರವ್ವ, “ಆಡಿನ ಮರಿ ಬರೀರಿ” ಎಂದಳು.

ಮೇಡಂ ಕಾಗದ ತಿರುವಿ ನೋಡಿದರು. “ಆಡಾ? ಆಡಿನ ವಿಷಯ ಈ ದಾವೆಯಲ್ಲಿ ಇಲ್ವಲ್ಲ ಅಜ್ಜಿ?”

“ದಾವೇದಾಗ ಆಡು ಇಲ್ರಿ. ಆಡಿನ ಹೊಟ್ಯಾಗ ದಾವೆ ಇತ್ರಿ.”

ಹಳೆಯ ಗುಮಾಸ್ತರು ಮೇಡಂಗೆ ಎಲ್ಲ ವಿವರಿಸಿದರು. ನಾನು ಗೋಡೆ ನೋಡುತ್ತ ನಿಂತಿದ್ದೆ. ಮೇಡಂ ನಗುತ್ತ, “ಇಬ್ಬರೂ ಒಪ್ಪಿದರೆ ದಾವೆಯಲ್ಲಿ ಇಲ್ಲದ್ದನ್ನೂ ರಾಜಿಯಲ್ಲಿ ಬರೆಯಬಹುದು. ಏನಂತೀರಿ ಸಂಗವ್ವಾ?” ಎಂದರು. ಸಂಗವ್ವ ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಶಂಕ್ರವ್ವನ ಕಡೆ ನೇರವಾಗಿ ತಿರುಗಿದಳು.

“ಕರೇದು ಬೇಕೋ, ಬಿಳೇದು ಬೇಕೋ?”

“ಕರೇದು. ಒಂದು ಕಿವಿ ಬಿಳೇದಿರ್ಬೇಕು.”

“ಕಿವಿ ಹುಡುಕಿ ತರಾಕ ನಾ ಎಲ್ಲಿ ಹೋಗ್ಲೇ? ಇದ್ದದ್ದು ತಗೋ.”

“ತಾ ಹಂಗಾರ. ಕಿವಿಗೆ ಸುಣ್ಣಾ ಹಚ್ಕೊಂತೀನಿ.”

ರಾಜಿಯಲ್ಲಿ ಟೈಪಾಯಿತು: ವಾದಿಯು ಪ್ರತಿವಾದಿಗೆ ಒಂದು ಹೆಣ್ಣು ಆಡಿನ ಮರಿ ಕೊಡತಕ್ಕದ್ದು, ಕೋರ್ಟಿನ ಸಿಬ್ಬಂದಿಯ ಸಮಕ್ಷಮ ಮುಟ್ಟಿಸಿ ಸ್ವೀಕೃತಿ ಪಡೆಯತಕ್ಕದ್ದು. ಸಿಬ್ಬಂದಿ ಯಾರು ಎಂದು ಯಾರೂ ಕೇಳಲಿಲ್ಲ, ಎಲ್ಲರೂ ನನ್ನ ಕಡೆ ನೋಡಿದರು.

ನನ್ನ ನೌಕರಿಯಲ್ಲಿ ಕೊನೆಯದಾಗಿ ಮುಟ್ಟಿಸಿದ್ದು ಅದೇ. ಸಂಗವ್ವನ ಹೊಲದಿಂದ ಬಂಡಿ ಹೂಡಿದರು. ಮರಿ ನನ್ನ ತೊಡೆಯ ಮೇಲೆ, ಪಕ್ಕದಲ್ಲಿ ಸಂಗವ್ವ. ಅದೇ ಬದುವಿನ ಮೇಲೆ, ಯಾರ ಆದೇಶವನ್ನೂ ಕೈಯಲ್ಲಿ ಹಿಡಿಯದೆ ಹೋದೆವು. ಎರಡೂ ಬದಿಗೆ ಸಜ್ಜೆ ತೆನೆ ಬಿಟ್ಟಿತ್ತು. ಎತ್ತುಗಳ ಬಾಯಿಗೆ ಕುಕ್ಕೆ ಕಟ್ಟಿತ್ತು. ಶಂಕ್ರವ್ವ ಬದುವಿನ ಕೊನೆಗೇ ಬಂದು ನಿಂತಿದ್ದಳು. ಮರಿಯ ಬಾಯಿ ತೆರೆದು ನೋಡಿದಳು, ಕಾಲು ಎತ್ತಿ ನೋಡಿದಳು, ಕೊನೆಗೆ, “ನಡೀತೈತಿ” ಎಂದಳು. ಸಂಗವ್ವ ಬಂಡಿ ಇಳಿದು ಅವಳ ಜೊತೆಗೇ ಮನೆಯೊಳಗೆ ಹೋದಳು. ಇಬ್ಬರೂ ಒಳಗೆ ಜೋರಾಗಿ ಮಾತಾಡುವುದು ಕೇಳುತ್ತಿತ್ತು. ಜಗಳವಲ್ಲ, ಚಹಾಕ್ಕೆ ಸಕ್ಕರೆಯೋ ಬೆಲ್ಲವೋ ಎಂದು.

ಚಹಾ ಮುಗಿದ ಮೇಲೆ ಶಂಕ್ರವ್ವನನ್ನು ಕರೆದು ಸ್ವೀಕೃತಿಗೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಶಾಯಿ ಆರುವ ತನಕ ಕಾಗದವನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದೆ. ಮರಿ ಕೆಳಗೆ ನಿಂತು ಕತ್ತು ಚಾಚಿ ಅದನ್ನೇ ನೋಡುತ್ತಿತ್ತು.